ಕಲ್ಲಿನ ಮ್ಯಾಲಿನ ಹೆಸರು (ನಮ್ಮ ಕಡಿ ಮಾತು – 6)

ದೋಸ್ತರ, ಒಂದು ಪ್ರಶ್ನಿ. ನಾವು ಹಾಕೋ ಪೋಸ್ಟಿನಾಗ 'ನಾನು' ಬಿಟ್ರ ಇನ್ಯಾರು ಇರ್ತಾರ?

ಈಗಿನ ಹುಡುಗರಿಗೆ ತಮ್ಮದೇ ಚಿಂತಿ, ಯಾರ ಮ್ಯಾಲೂ ನಂಬಿಕೆ ಇಲ್ಲ ಅಂತ ದೊಡ್ಡವರು ಬೈತಾರ. ಕ್ಲಾಸಿನಾಗ ಮಾರ್ಕ್ಸು, ಮೊಬೈಲಿನಾಗ ಲೈಕು, ಎರಡೂ ಕಡಿ ಎಣಿಕಿನೇ. ಎಣಿಕಿ ಕಡಿಮಿ ಬಂದ ದಿನ ನಾನು ಯಾರಿಗೂ ಬೇಕಾಗಿಲ್ಲ ಅಂತ ನಂಗೂ ಅನ್ನಿಸ್ತದ.

ಅಂಥ ದಿನ ನಾನು ನೆನಪು ಮಾಡ್ಕೊಳ್ಳೋದು ಚಿತ್ತಾಪುರ ತಾಲ್ಲೂಕಿನ ಸನ್ನತಿ. 1986ರಲ್ಲಿ ಭೀಮಾ ದಂಡೆಯ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿ ಛಾವಣಿ ಬಿತ್ತು. ಮೂರ್ತಿ ಕೂಡಿಸಿದ್ದ ಪೀಠದ ಕಲ್ಲು ನೋಡಿದ್ರ, ಅಶೋಕನ ಶಾಸನ! ಅದರಾಗ ಅವನ ಹನ್ನೆರಡನೆಯ ಶಾಸನವೂ ಅದ. ಸಾರ ಇಷ್ಟು: ತನ್ನ ಪಂಥವನ್ನಷ್ಟೇ ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡ್ತಾನ. 2200 ವರ್ಷಕ್ಕೂ ಹಿಂದಿನ ಮಾತಿದು. ಅಂದ್ರ 'ನಾನೇ' ಅನ್ನೋ ರೋಗ ಮೊಬೈಲ್ ಜೋಡಿ ಬಂದದ್ದಲ್ಲ. ಅದಕ್ಕ ಮದ್ದು ಹುಡುಕಿದವರೂ ಆಗಲೇ ಇದ್ರು.

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ತು. ಅಲ್ಲಿನ ಒಂದು ಫಲಕದ ಮೇಲೆ ಅಶೋಕನ ಶಿಲ್ಪ, ಬ್ರಾಹ್ಮಿ ಲಿಪಿಯಲ್ಲಿ 'ರಾಯೊ ಅಸೋಕೊ' ಅಂತ ಹೆಸರು. ಎಲ್ಲರೂ ಅದನ್ನೇ ಹೇಳ್ತಾರ. ನನ್ನ ಮನಸ್ಸು ಹಿಡಿದದ್ದು ಉಳಿದ ಬರಹಗಳು. ಭಿಕ್ಷುಗಳು, ಭಿಕ್ಷುಣಿಯರು, ಸಾದಾ ಗೃಹಸ್ಥರು ತಾವು ದಾನ ಕೊಟ್ಟ ಕಲ್ಲಿನ ಮೇಲೆ ಹೆಸರು ಬರೆಸ್ಯಾರ.

ಹೆಸರಿನ ಆಸೆ ಅವರಿಗೂ ಇತ್ತು. ಅದು ತಪ್ಪಲ್ಲ. ಆದ್ರ ಹೆಸರಿನ ಕೆಳಗ ಕೊಟ್ಟದ್ದು ಒಂದು ಇತ್ತು. ಒಬ್ಬರ ಕಲ್ಲಿನಿಂದ ಸ್ತೂಪ ಆಗೂದಿಲ್ಲ. ಬಾಜೂದವರೂ ತಮ್ಮ ಕಲ್ಲು ತರ್ತಾರ ಅಂತ ನಂಬಿಯೇ ಕೊಟ್ಟಿರಬೇಕು. ನಂಗ ನಂಬಿಕೆ ಅಂದ್ರ ಅದು.

ಆ ಸ್ತೂಪದ ಕಲ್ಲೂ ನಮ್ಮ ಕಡಿ ಸುಣ್ಣದ ಕಲ್ಲೇ. ನಮ್ಮ ಮುತ್ಯಾ ಶಹಾಬಾದಿನ ಖಣಿಯಾಗ ಪರ್ಸಿ ತೆಗೀತಿದ್ದ. ಅವು ಎಷ್ಟು ಮನಿ ನೆಲಕ್ಕ ಹೋಗ್ಯಾವೋ, ಒಂದರ ಮ್ಯಾಲೂ ಅವನ ಹೆಸರಿಲ್ಲ. ಆದ್ರ ಬ್ಯಾಸಗಿ ಮಧ್ಯಾಹ್ನ ಅದರ ಮ್ಯಾಲ ಬರೀ ಮೈಲಿ ಮಲಗಿದವರಿಗೆ ತಂಪು ಸಿಕ್ಕದ. ಮುತ್ಯಾನ ಬದುಕಿಗೆ ಲೈಕು ಎಣಿಸಿದವರು ಯಾರೂ ಇಲ್ಲ, ಆದ್ರೂ ಅದು ಖಾಲಿ ಬದುಕಲ್ಲ.

ಸೇಡಂ, ವಾಡಿ, ಚಿಂಚೋಳಿ ಕಡಿಯ ದೋಸ್ತರ, ಈ ವಾರ ನಿಮ್ಮದೊಂದು ಕಲ್ಲು ಇಡ್ರಿ. ಜೂನಿಯರ್‌ಗೆ ನೋಟ್ಸ್ ಕೊಡ್ರಿ. ಫೇಲಾಗಿ ಸುಮ್ಮನಾದ ಗೆಳೆಯನ ಮನಿಗೆ ಹೋಗಿ ಚಹಾ ಕುಡೀರಿ. ಬೇಕಾದ್ರ ಫೋಟೋನೂ ಹಾಕ್ರಿ, ಆದ್ರ ಕಲ್ಲು ಮೊದಲು.

#ನಮ್ಮಕಡಿಮಾತು #ಸನ್ನತಿ #ಕನಗನಹಳ್ಳಿ #ಚಿತ್ತಾಪುರ #ಶಹಾಬಾದ್