ಒಂದ್ ಖಾಲಿ, ಕಾಫಿ ಬೈಟೂ...!

1979ರಲ್ಲಿ ಬೆಂಗಳೂರಿಗೆ ಬಂದಾಗ ನಾನು ಎರಡು ಭಾಷೆ ಕಲಿಯಬೇಕಾಯ್ತು. ಒಂದು ಗಾಂಧಿನಗರದ್ದು. ಅಲ್ಲಿ 'ನಾಳೆ ಬನ್ನಿ, ನೋಡೋಣ' ಅಂದ್ರೆ ಚಾನ್ಸ್ ಇಲ್ಲ ಅಂತ ಅರ್ಥ. ಇನ್ನೊಂದು ಹೋಟ್ಲಿಂದು. ಮೊದಲನೆಯದರಿಂದ ಹೊಟ್ಟೆ ತುಂಬಲಿಲ್ಲ, ಬಿಡಿ. ಎರಡನೆಯದರ ಸಂಗತಿ ಹೇಳ್ತೀನಿ.

ಸಪ್ಲೈಯರ್ ಕೈಯಲ್ಲಿ ಚೀಟಿಯಿಲ್ಲ, ಪೆನ್ಸಿಲ್ಲಿಲ್ಲ. ಐದು ಟೇಬಲ್ಲಿನ ಆರ್ಡರು ತಲೆಯಲ್ಲಿಟ್ಟುಕೊಂಡು ಒಳಗೆ ಕೂಗ್ತಿದ್ದ: 'ಎರಡು ಮಸಾಲೆ, ಒಂದ್ ಖಾಲಿ, ಒಂದ್ ಸೆಟ್, ಕಾಫಿ ಬೈಟೂ...!' ನಮ್ಮ ಯಾವ ಹೀರೋಗೆ ಕಮ್ಮಿ ಆ ಡೈಲಾಗ್ ಡೆಲಿವರಿ?

ಖಾಲಿ ದೋಸೆ ಅಂದ್ರೆ ಖಾಲಿ ತಟ್ಟೆಯಲ್ಲ ಸ್ವಾಮಿ, ಒಳಗೆ ಪಲ್ಯವಿಲ್ಲದ ಮೆತ್ತನೆ ದೋಸೆ. ಅಂಥವೇ ಮೂರು ಜೋಡಿಸಿಕೊಟ್ಟರೆ ಸೆಟ್. ಖಾರಾಭಾತೂ ಕೇಸರಿಭಾತೂ ಒಂದೇ ತಟ್ಟೆಗೆ ಬಂದರೆ ಚೌಚೌ ಭಾತ್. ವಡೆ ಸಾಂಬಾರಿನಲ್ಲಿ ಮುಳುಗಿ ಬರಬೇಕಾದ್ರೆ 'ಡಿಪ್' ಅನ್ನಬೇಕು. ಉಡುಪಿ ಕಡೆಯವರ ಹೋಟೆಲಾದರೆ ಸಪ್ಲೈಯರ್‌ಗೆ 'ಮಾಣಿ' ಅಂತ ಹೆಸರು. ಅವರ ಊರಲ್ಲಿ ಹಾಗಂದ್ರೆ ಹುಡುಗ ಅಂತ. ಅರವತ್ತು ದಾಟಿದ ಮಾಣಿಗಳನ್ನೂ ನಾನು ನೋಡಿದ್ದೀನಿ.

ಇವೆಲ್ಲಕ್ಕಿಂತ ದೊಡ್ಡ ಮಾತು ಬೈಟು. ಒಂದು ಕಾಫಿ, ಎರಡು ಲೋಟ. ನನ್ನ ರೂಂಮೇಟು ಅಸಿಸ್ಟೆಂಟ್ ಡೈರೆಕ್ಟರ್ ಆಗಬೇಕೂಂತ ಅರಸೀಕೆರೆಯಿಂದ ಬಂದವನು. ಇಡೀ ದಿನ ಅವರಿವರ ಆಫೀಸು ಸುತ್ತಿ ಬಂದು, ನನ್ನೆದುರು ಕೂತು, ನನ್ನ ಮುಖ ನೋಡದೆ 'ಬೈಟು' ಅಂತಿದ್ದ. ದುಡ್ಡಿಲ್ಲ ಅಂತ ಅವನೂ ಹೇಳಬೇಕಿರಲಿಲ್ಲ, ನಾನೂ ಕೇಳಬೇಕಿರಲಿಲ್ಲ. ಸಪ್ಲೈಯರಿಗೂ ಗೊತ್ತಾಗ್ತಿತ್ತು ಅನ್ನಿಸುತ್ತೆ. ನಮ್ಮ ಲೋಟಗಳಲ್ಲಿ ನೊರೆ ಒಂದಿಷ್ಟು ಜಾಸ್ತಿನೇ ಇರ್ತಿತ್ತು.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು ನೋಡಿ, ಆಮೇಲೆ ಊರೆಲ್ಲ ದರ್ಶಿನಿ. ಮೊದಲು ದುಡ್ಡು, ಆಮೇಲೆ ಟೋಕನ್ನು, ನಿಂತ್ಕೊಂಡೇ ತಿಂಡಿ. ಬಡಪಾಯಿಗೆ ಕಡಿಮೆ ದುಡ್ಡಿನಲ್ಲಿ ಬಿಸಿಬಿಸಿ ಸಿಕ್ಕಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೂಗು ಹೋಯ್ತು. ಮಾತೆಲ್ಲ ಕ್ಯಾಷಿಯರ್ ಕಿವಿಗಷ್ಟೇ. ಈಗಂತೂ ಎಷ್ಟೋ ಕಡೆ ಬಾಯಿಯೇ ಬೇಡ, ಮೊಬೈಲ್ ತೋರಿಸಿದ್ರೆ ಸಾಕು.

ಆ ಗೆಳೆಯ ಸಿನಿಮಾ ಬಿಟ್ಟು ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಚೆನ್ನಾಗಿದ್ದಾನೆ. ಹೋದ ವರ್ಷ ಬಂದಾಗ ನಾನು ಎರಡು ಕಾಫಿಗೆ ದುಡ್ಡು ಕೊಡೋಕೆ ಹೋದೆ. ಕೈ ಹಿಡಿದು 'ಲೇ, ಬೈಟು ಹೇಳೋ' ಅಂದ.

'ಇಲ್ಲಿ ಬೈಟು ಇಲ್ಲ ಸಾರ್' ಅಂದ ಕ್ಯಾಷಿಯರ್ ಹುಡುಗ.

ಅವನು ಒಂದೇ ಟೋಕನ್ ತಗೊಂಡ. ಕಾಫಿ ಕೌಂಟರಿಗೆ ಹೋಗಿ ಒಂದು ಖಾಲಿ ಲೋಟ ಕೇಳಿ ಇಸ್ಕೊಂಡು, ತಾನೇ ಹುಯ್ದ. ನನಗೆ ಸ್ವಲ್ಪ ಜಾಸ್ತಿ ಹಾಕಿದ.