ಏಟನ್ನು ಮರಳಿಸುವ ಅಡಿಗಲ್ಲು

ಕಮ್ಮಾರಸಾಲೆಯ ಸಾಮಾನುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಅಡಿಗಲ್ಲಿನ ಮೇಲೆ. ತಿದಿ ಉಸಿರಾಡುತ್ತದೆ, ಬೆಂಕಿ ಕುಣಿಯುತ್ತದೆ, ಸುತ್ತಿಗೆ ಏರಿಳಿಯುತ್ತದೆ. ಅಡಿಗಲ್ಲು ಮಾತ್ರ ಕೂತಲ್ಲೇ ಕೂತಿರುತ್ತದೆ. ಕೂತೇ ಅದು ಅರ್ಧ ಕೆಲಸ ಮಾಡಿ ಮುಗಿಸುತ್ತದೆ. ಸುತ್ತಿಗೆ ಮೇಲಿನಿಂದ ಕಬ್ಬಿಣವನ್ನು ಅದುಮುವಾಗ ಅಡಿಗಲ್ಲು ಕೆಳಗಿನಿಂದ ಅಷ್ಟೇ ಬಲವಾಗಿ ಅದುಮುತ್ತದೆ. ಉಳಿದ ಕಸುವಿನಲ್ಲಿ ಸುತ್ತಿಗೆಯನ್ನು ಮೇಲಕ್ಕೆ ಚಿಮ್ಮಿಸಿ ಕೈಗೆ ಮರಳಿಸುತ್ತದೆ. ಒಳ್ಳೆಯ ಅಡಿಗಲ್ಲಿನ ಮುಂದೆ ದಿನವಿಡೀ ದುಡಿದವನ ತೋಳು ಸಂಜೆಗೂ ಹಗುರಾಗಿರುತ್ತದೆ. ಕೆಟ್ಟದ್ದರ ಮುಂದೆ ಕೂತವನಿಗೆ ಮಧ್ಯಾಹ್ನಕ್ಕೇ ರೆಟ್ಟೆ ಬಿದ್ದುಹೋಗುತ್ತದೆ.

ಆದ್ದರಿಂದ ಕೊಳ್ಳುವಾಗ ಈ ಮರಳಿಸುವ ಗುಣವನ್ನೇ ಮೊದಲು ನೋಡಬೇಕು. ಕಿಸೆಯಲ್ಲಿ ಒಂದು ಬೇರಿಂಗ್ ಗುಂಡು ಇಟ್ಟುಕೊಂಡು ಹೋದರೆ ಸಾಕು. 10 ಅಂಗುಲ ಎತ್ತರದಿಂದ ಅದನ್ನು ಅಡಿಗಲ್ಲಿನ ಮುಖದ ಮೇಲೆ ಬಿಟ್ಟರೆ 7-8 ಅಂಗುಲಕ್ಕೆ ಪುಟಿಯಬೇಕು. ಎರಡು ಮೂರು ಅಂಗುಲ ಎದ್ದು ಸುಮ್ಮನಾಯಿತೆಂದರೆ ಅದು ಮೆದು ಎರಕದ ಕಬ್ಬಿಣ. ಮೇಲೆ ಎಂಥ ಹೊಳೆಯುವ ಬಣ್ಣ ಬಳಿದಿದ್ದರೂ ಕೈಬಿಡುವುದೇ ಲೇಸು. ಗುಂಡನ್ನು ಮುಖದ ಉದ್ದಕ್ಕೂ ಅಲ್ಲಲ್ಲಿ ಬಿಡುತ್ತ ಹೋಗಬೇಕು. ಒಂದು ಕಡೆ ಚೆನ್ನಾಗಿ ಪುಟಿದು ಇನ್ನೊಂದು ಕಡೆ ಸತ್ತುಹೋದರೆ ಒಳಗೆಲ್ಲೋ ಬೆಸುಗೆ ಬಿಟ್ಟಿದೆ ಎಂಬ ಅನುಮಾನಕ್ಕೆ ಅದು ಸಾಕು. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ದನಿ ಕೇಳಬೇಕು. ಬಿರುಕು ಬಿಟ್ಟದ್ದರ ದನಿ ಒಡಕಲಾಗಿರುತ್ತದೆ, ಅದಕ್ಕೆ ತರಬೇತಾದ ಕಿವಿಯೇನೂ ಬೇಕಿಲ್ಲ.

ಹಳೆಯ ಇಂಗ್ಲಿಷ್ ಅಡಿಗಲ್ಲು ಎಲ್ಲಾದರೂ ಕಣ್ಣಿಗೆ ಬಿದ್ದರೆ ನಾನು ಪಕ್ಕಕ್ಕೆ ಕೂತು ಅದರ ಮೈಮೇಲಿನ ತುಕ್ಕು ಒರೆಸುತ್ತೇನೆ. ಡಡ್ಲಿಯಲ್ಲಿ ಪೀಟರ್ ರೈಟ್‌ನಂಥವರು ಮಾಡುತ್ತಿದ್ದ ಅಡಿಗಲ್ಲುಗಳ ಒಡಲು ಮೆದು ಕಬ್ಬಿಣದ್ದು, ಮುಖಕ್ಕೆ ಮಾತ್ರ ಗಡಸು ಉಕ್ಕಿನ ಹಲಗೆ ಬೆಸೆದಿರುತ್ತಿದ್ದರು. ಪಕ್ಕದಲ್ಲಿ ಮೂರು ಅಂಕಿ ಕೆತ್ತಿರುತ್ತದೆ. 1-2-14 ಎಂದಿದ್ದರೆ ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು 28 ಪೌಂಡಿನದು, ಮೂರನೆಯದು ಬಿಡಿ ಪೌಂಡು. ಎಲ್ಲ ಕೂಡಿಸಿದರೆ 182 ಪೌಂಡು, ನಮ್ಮ ಲೆಕ್ಕದಲ್ಲಿ 82 ಕಿಲೋಗಿಂತ ತುಸು ಹೆಚ್ಚು. ತಕ್ಕಡಿ ಇಲ್ಲದ ಕಡೆಯೂ ತನ್ನ ತೂಕ ತಾನೇ ಹೇಳುವ ವಸ್ತು ಅದು. ನನಗೆ ಅದರ ಮೇಲಿನ ಗೌರವಕ್ಕೆ ಈ ಪ್ರಾಮಾಣಿಕತೆಯೂ ಒಂದು ಕಾರಣ.

ನಮ್ಮ ಕಡೆಯ ಕುಲುಮೆಗಳಲ್ಲಿ ಹೆಚ್ಚಾಗಿ ಕಾಣುವುದು ರೈಲು ಹಳಿಯ ತುಂಡು. ಅದನ್ನು ಹಗುರವಾಗಿ ಕಾಣಬಾರದು. ಹಳಿಯ ಉಕ್ಕು ಗಟ್ಟಿಮುಟ್ಟು. ಆದರೆ ಬಹಳ ಜನ ಅದನ್ನು ಅಡ್ಡ ಮಲಗಿಸಿ, ಒಂದು ತುದಿಯನ್ನು ಕೊಂಬಿನ ಹಾಗೆ ಚೂಪು ಮಾಡಿ, ನೋಟಕ್ಕೆ ಅಡಿಗಲ್ಲಾಯಿತು ಎಂದು ತೃಪ್ತಿಪಡುತ್ತಾರೆ. ಹಳಿಯ ನಡು ತೆಳು. ಮಲಗಿಸಿದರೆ ಏಟು ಬಿದ್ದಾಗಲೆಲ್ಲ ಅದು ನಡುಗಿ ಬಲವನ್ನು ತಿಂದುಹಾಕುತ್ತದೆ. ನೆಟ್ಟಗೆ ನಿಲ್ಲಿಸಿ ಮುಕ್ಕಾಲು ಪಾಲು ಹೂತರೆ ಸುತ್ತಿಗೆಯ ಕೆಳಗೆ ಇಡೀ ತುಂಡಿನ ತೂಕ ಒದಗುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯ ಒಂದಡಿ ತುಂಡು ಸುಮಾರು 18 ಕಿಲೋ ಆಯಿತು. ಎರಡಡಿ ಸಿಕ್ಕರೆ ಕುಡುಗೋಲು, ಕತ್ತಿ, ಕಳೆ ಕೀಳುವ ಸಾಮಾನು ಎಲ್ಲಕ್ಕೂ ಧಾರಾಳ. ಮೇಲೆ ಉಳಿಯುವ ಮುಖ ಚಿಕ್ಕದು, ನಿಜ. ಕಬ್ಬಿಣ ತಾಗುವ ಜಾಗ ಸುತ್ತಿಗೆಯ ಮುಖದಷ್ಟೇ ತಾನೆ, ಅದಕ್ಕಿಂತ ಹೆಚ್ಚು ಬೇಕೇಕೆ?

ಅಡಿಗಲ್ಲಿನಷ್ಟೇ ಮುಖ್ಯ ಅದನ್ನು ಕೂರಿಸುವ ಕೊರಡು. ಹುಣಸೆಯದಾದರೆ ಸೀಳುವ ಭಯ ಕಡಿಮೆ. ನಿಂತು ಕೆಲಸ ಮಾಡುವವರು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಗೆಣ್ಣು ಎಲ್ಲಿಗೆ ಬರುತ್ತದೋ ಆ ಎತ್ತರಕ್ಕೆ ಮುಖ ಬರುವ ಹಾಗೆ ನೋಡಿಕೊಳ್ಳುತ್ತಾರೆ. ನಮ್ಮೂರ ಆಚಾರ್ರದು ಕೂತು ಮಾಡುವ ಕೆಲಸ. ಅವರ ಅಡಿಗಲ್ಲು ನೆಲದಿಂದ ಗೇಣುದ್ದ ಮಾತ್ರ ಮೇಲಿದೆ. ಎದುರಿಗೆ ನಿಂತು ಸಮ್ಮಟಿಗೆ ಎತ್ತುವವನಿಗೆ ಇದರಿಂದ ಪೂರ್ತಿ ಬೀಸು ಸಿಗುತ್ತದೆ.

ಸುತ್ತಿಗೆಯ ವಿಷಯದಲ್ಲಿ ಹೊಸಬರು ತೂಕಕ್ಕೆ ಮರುಳಾಗುತ್ತಾರೆ. ಒಂದು ಕಿಲೋ ಸುತ್ತಿಗೆ ಬೇಕಾದಷ್ಟಾಯಿತು. ಗುರಿ ತಪ್ಪದ ಹಗುರ ಏಟು, ಗುರಿ ತಪ್ಪುವ ಭಾರದ ಏಟಿಗಿಂತ ಎಷ್ಟೋ ಮೇಲು. ಅಂಗಡಿಯಿಂದ ತಂದ ಹೊಸ ಸುತ್ತಿಗೆಯ ಮುಖದ ಅಂಚು ಚೂಪಾಗಿರುತ್ತದೆ, ಬಡಿದಲ್ಲೆಲ್ಲ ಉಗುರಿನ ಗುರುತು ಬೀಳುತ್ತದೆ. ಅದನ್ನು ಅರದಿಂದ ಉಜ್ಜಿ, ಮುಖ ನವಿರಾಗಿ ಉಬ್ಬುವ ಹಾಗೆ ಮಾಡಿಕೊಳ್ಳಬೇಕು. ಇನ್ನು ಹಿಂಬದಿಯ ಕಿರಿದಾದ ತಲೆ. ಅಕ್ಕಿರೊಟ್ಟಿ ತಟ್ಟುವಾಗ ಬೆರಳ ಅಂಚಿನಲ್ಲಿ ಒತ್ತಿದರೆ ಹಿಟ್ಟು ಆ ಅಂಚಿನ ಎರಡೂ ಬದಿಗೆ ಸರಿಯುವ ಹಾಗೆ, ಕಾದ ಕಬ್ಬಿಣವೂ ಈ ತಲೆಯ ಎರಡು ಬದಿಗೆ ಹರಿಯುತ್ತದೆ. ಪಟ್ಟಿಗೆ ಅಡ್ಡಲಾಗಿ ಬಡಿದರೆ ಉದ್ದ ಬೆಳೆಯುತ್ತದೆ, ಉದ್ದಕ್ಕೆ ಬಡಿದರೆ ಅಗಲವಾಗುತ್ತದೆ. ಸುತ್ತಿಗೆಯ ಕಾವಿಗೆ ನಮ್ಮ ಕಾಡಿನ ತಡಸಲು ಮರದಂಥದು ಇನ್ನೊಂದಿಲ್ಲ. ಬಾಗುತ್ತದೆ, ಮುರಿಯುವುದಿಲ್ಲ, ಏಟಿನ ಅದುರನ್ನು ಮೊಣಕೈವರೆಗೆ ಬಿಡುವುದಿಲ್ಲ. ಎಳೆ ನೇರವಾಗಿ ಉದ್ದಕ್ಕೂ ಓಡಿದೆಯೇ ಎಂದು ನೋಡಿ ಆರಿಸಬೇಕು. ಬಣ್ಣ ಬಳಿದ ಕಾವಿನಲ್ಲಿ ಎಳೆ ಕಾಣುವುದಿಲ್ಲ, ಅದನ್ನು ನಾನು ಮುಟ್ಟುವುದೂ ಇಲ್ಲ.

ಇಕ್ಕಳವನ್ನು ಕಮ್ಮಾರ ತಾನೇ ಮಾಡಿಕೊಳ್ಳುತ್ತಾನೆ. ದುಂಡು ಸಲಾಕೆಗೆ ಒಂದು, ಚಪ್ಪಟೆ ಪಟ್ಟಿಗೆ ಒಂದು, ಕೊಡಲಿಗೆ ಇನ್ನೊಂದು. ಹಿಡಿತ ಕೂಡದ ಇಕ್ಕಳದಿಂದ ಜಾರಿದ ಕೆಂಡದಂಥ ಕಬ್ಬಿಣ ಯಾರ ಕಾಲ ಮೇಲೆ ಬೀಳುತ್ತದೋ ಹೇಳಲಾಗದು.

ಇವೆಲ್ಲ ಒಟ್ಟಾಗಿ ದುಡಿಯುವುದನ್ನು ನೋಡಬೇಕಾದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾಡುವ ಹೊತ್ತಿಗೆ ಹೋಗಬೇಕು. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯ ತುಂಡು ಇದ್ದಿಲಿನೊಳಗಿಂದ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊರಬರುತ್ತದೆ. ಆಚಾರ್ರು ಸಣ್ಣ ಸುತ್ತಿಗೆಯಿಂದ ಒಂದು ಜಾಗ ತಟ್ಟುತ್ತಾರೆ. ಎದುರಿನ ಮಗನ ಸಮ್ಮಟಿಗೆ ಅಲ್ಲೇ ಬೀಳುತ್ತದೆ. ಮತ್ತೆ ಸಣ್ಣ ತಟ್ಟು, ಮತ್ತೆ ದೊಡ್ಡ ಏಟು. ಮಾತಿಲ್ಲ. ಸಾಕು ಅನ್ನಿಸಿದಾಗ ಆಚಾರ್ರು ಕಬ್ಬಿಣ ಬಿಟ್ಟು ಬರಿ ಅಡಿಗಲ್ಲನ್ನು ಖಣ್ಣೆಂದು ತಟ್ಟುತ್ತಾರೆ, ಸಮ್ಮಟಿಗೆ ನಿಲ್ಲುತ್ತದೆ. ಕೊನೆಗೆ ಹದ ಹಾಕುವಾಗ ಇಡೀ ಕತ್ತಿಯನ್ನು ಮುಳುಗಿಸುವುದಿಲ್ಲ. ಬಾಯಿಯನ್ನಷ್ಟೇ ನೀರಿಗಿಳಿಸಿ ತೆಗೆದು, ಕಲ್ಲಿನಲ್ಲಿ ಚಕ್ಕನೆ ಉಜ್ಜುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆ ಇಳಿದು ಬಂದ ಹಾಗೆ ಒಣಹುಲ್ಲಿನ ಹಳದಿ ಮೂಡುತ್ತದೆ. ಅದು ನೀಲಿಗೆ ತಿರುಗುವ ಮೊದಲೇ ಮತ್ತೆ ನೀರಿಗೆ. ಹದ ಏರಿದರೆ ಬಾಯಿ ಚಕ್ಕೆ ಏಳುತ್ತದೆ, ಇಳಿದರೆ ಮಡಚಿಕೊಳ್ಳುತ್ತದೆ.

ಕೆಲಸ ಒಪ್ಪಿಕೊಳ್ಳುವ ಮೊದಲು ಆಚಾರ್ರು ಕೇಳುವುದು ಎರಡೇ ಪ್ರಶ್ನೆ. "ಸುಲಿಯೋರು ಯಾರು? ಎಡಗೈಯವರಾ, ಬಲಗೈಯವರಾ?" ಉತ್ತರ ಕೇಳಿದ ಮೇಲೆಯೇ ಯಾವ ಬದಿಯಿಂದ ಬಾಯಿ ತೆಗೆಯಬೇಕೆಂದು ತೀರ್ಮಾನ. ಅಡಿಕೆ ಕೊಯ್ಲು ಶುರುವಾದರೆ ಅವರಿಗೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಮಾಡಿಸುವವರು ದಸರೆಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು.