ಅಂಧಪಂಗು ನ್ಯಾಯದ ಗಣಕಯಂತ್ರ

ಹಳೆಯ ಗಣಕಯಂತ್ರವೊಂದು ಹೊಸ ಗಣಕಯಂತ್ರದ ಉದರದಲ್ಲಿ ಸಜೀವವಾಗಿ ವಾಸಿಸಬಲ್ಲುದೆಂದರೆ ವಾಚಕ ಮಹಾಶಯರಿಗೆ ಪರಕಾಯಪ್ರವೇಶದ ಕಥೆಗಳು ನೆನಪಾದಾವು. ಅಂಥ ಪ್ರವೇಶವೊಂದನ್ನು ಕಳೆದ ವರ್ಷ ಚಿಕ್ಕಜಾಲದ ನಮ್ಮ ಮನೆಯಲ್ಲಿಯೇ ಕಂಡೆನಾದ್ದರಿಂದ ಆ ವಿಚಾರವಾಗಿ ನಾಲ್ಕು ಮಾತು ಬರೆಯುತ್ತೇನೆ.

1984ರಲ್ಲಿ ಕೇಂದ್ರ ಸರ್ಕಾರದವರು 'ಕ್ಲಾಸ್' ಎಂಬ ಯೋಜನೆಯನ್ನು ಹೂಡಿ, ಶಾಲೆಯ ಮಕ್ಕಳಿಗೆ ಗಣಕಯಂತ್ರದ ಪರಿಚಯವಾಗಲೆಂದು ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಹಂಚಿದರು. ನಾನು ಸಂಸ್ಕೃತೋಪಾಧ್ಯಾಯನಾಗಿ ಸೇರಿದ ಶಾಲೆಯಲ್ಲಿಯೂ ಅವು ಇದ್ದುವು. ಯಂತ್ರದ ಸ್ಮರಣೆ 32 ಕಿಲೋಬೈಟು ಮಾತ್ರ. ಪರದೆಯ ಮೇಲೆ ನಾಲ್ಕು ಬಣ್ಣದ ಚಿತ್ರ ಒಪ್ಪವಾಗಿ ಮೂಡಬೇಕಾದರೆ 20 ಕಿಲೋಬೈಟು ಚಿತ್ರಕ್ಕೇ ಸಲ್ಲುವುದು. ಯಂತ್ರದ ಸ್ವಂತ ವ್ಯವಹಾರಕ್ಕೂ ಒಂದಿಷ್ಟನ್ನು ಕಳೆದರೆ ಪ್ರೋಗ್ರಾಮು ಬರೆಯುವವನಿಗೆ ಉಳಿಯುವುದು ಅಲ್ಪ.

ಈ ಇಕ್ಕಟ್ಟಿಗೆ ಕಂಪನಿಯವರೇ ಪರಿಹಾರವನ್ನು ಕಂಡಿದ್ದರು. 'ಟ್ಯೂಬ್' ಎಂಬ ಕೊಂಡಿಯ ಮೂಲಕ ಮತ್ತೊಂದು ಪೆಟ್ಟಿಗೆಯನ್ನು ಪಕ್ಕದಲ್ಲಿ ಜೋಡಿಸುವುದು. ಅದರಲ್ಲಿ ಎರಡನೆಯ ಪ್ರೊಸೆಸರು, ಅಂದರೆ ಗಣಿಸುವ ಅಂಗ, ತನ್ನದೇ 64 ಕಿಲೋಬೈಟು ಸ್ಮರಣೆಯೊಡನೆ ಕುಳಿತಿರುವುದು. ಮೊದಲನೆಯದು ಸೆಕೆಂಡಿಗೆ 20 ಲಕ್ಷ ಬಡಿತದ್ದಾದರೆ ಇದು 30 ಲಕ್ಷದ್ದು. ಆದರೆ ಇದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಸಾಂಖ್ಯರು ಹೇಳುವ ಅಂಧಪಂಗು ನ್ಯಾಯವೇ ಸರಿ: ಕುರುಡನ ಹೆಗಲ ಮೇಲೆ ಕುಂಟನು ಕುಳಿತು ದಾರಿ ತೋರಿಸುವನು, ಕುರುಡನು ನಡೆಯುವನು. (ಇದೇ ಕಂಪನಿಯವರು 1985ರಲ್ಲಿ ರೂಪಿಸಿದ 'ಆರ್ಮ್' ಪ್ರೊಸೆಸರು ಮೊದಲು ಮಾರಾಟಕ್ಕೆ ಬಂದುದು ಇಂಥ ಪಕ್ಕದ ಪೆಟ್ಟಿಗೆಯಾಗಿಯೇ. ಇಂದು ನಮ್ಮ ಮೊಬೈಲು ಫೋನುಗಳಲ್ಲಿರುವುದು ಬಹುಮಟ್ಟಿಗೆ ಅದರ ಸಂತತಿ.)

ನಮ್ಮ ಗಣಿತದ ಮೇಷ್ಟ್ರು ಅಂಥ ಪೆಟ್ಟಿಗೆಯೊಂದನ್ನು ಪರಿಚಿತರಿಂದ ಕಡ ತಂದು ಪಂಚಾಂಗದ ಪ್ರೋಗ್ರಾಮೊಂದನ್ನು ಬರೆದರು. ಸೂರ್ಯಚಂದ್ರರ ಅಂತರದಲ್ಲಿ 12 ಅಂಶಕ್ಕೊಂದು ತಿಥಿಯಷ್ಟೆ. ಲೆಕ್ಕ ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದುದು ಕನ್ನಡ. ಒಂದೊಂದು ಅಕ್ಷರವನ್ನೂ ಎಂಟು ಸಾಲು ಎಂಟು ಕಂಬದ ಮನೆಯಲ್ಲಿ ಚುಕ್ಕೆಯಿಟ್ಟು ಬರೆಯಬೇಕು. 'ಕೃಷ್ಣ'ದ ಣಕಾರದ ಒತ್ತು ಎಲ್ಲಿ ಹಿಡಿದೀತು? ಒತ್ತುಗಳನ್ನು ಕೆಳಗಿನ ಸಾಲಿಗೆ ಇಳಿಸಿರೆಂದು ಸಲಹೆಯಿತ್ತವನು ನಾನು. ಗ್ರಾಫ್ ಕಾಗದದ ಮೇಲೆ ಎಷ್ಟೋ ಸಂಜೆಗಳು ಕಳೆದುವು.

ಯಂತ್ರಗಳು ಗುಜರಿಗೆ ಹೋದುವು. ಮೇಷ್ಟ್ರೂ ತೀರಿಕೊಂಡರು. ಕಳೆದ ವರ್ಷ ಅವರ ಮಗಳು ಫ್ಲಾಪಿಯೊಂದನ್ನು ತಂದು, "ಮೇಷ್ಟ್ರೇ, ಇದರಲ್ಲಿ ಅಪ್ಪನವರದು ಏನಾದರೂ ಉಳಿದಿದೆಯೆ?" ಎಂದಳು. ಹಳೆಯ ಡ್ರೈವನ್ನು ಉಳಿಸಿಕೊಂಡಿದ್ದ ಸ್ನೇಹಿತರೊಬ್ಬರು ಅದರ ಪ್ರತಿಯನ್ನು ತೆಗೆದುಕೊಟ್ಟರು; ನನ್ನ ತಂಗಿಯ ಮಗನು ತನ್ನ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರನ್ನು ಸಿದ್ಧಪಡಿಸಿದನು. ಹಳೆಯ ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ಓದಿ, ಅದು ಮಾಡುತ್ತಿದ್ದುದನ್ನೇ ಮಾಡಿ ತೋರಿಸುವ ಅನುಕರಣ ಯಂತ್ರವಿದು. ಒಂಟಿ ಪ್ರೊಸೆಸರಿನೊಡನೆ ನಡೆಯಿಸಿದರೆ ಜಾಗವಿಲ್ಲವೆಂದು ದೂರಿ ನಿಂತಿತು. ಎರಡನೆಯದನ್ನೂ ಕೂಡಿಸಬೇಕಾಯಿತು.

ಇಬ್ಬರನ್ನು ಒಬ್ಬನೇ ಅಭಿನಯಿಸುವುದೆಂತು? ಅವಧಾನಿಯು ಎಂಟು ಮಂದಿ ಪೃಚ್ಛಕರನ್ನು ನಿರ್ವಹಿಸುವಂತೆ, ಸರದಿಯಿಂದ. ಮೊದಲನೆಯದಕ್ಕೆ ಎರಡು ಹೆಜ್ಜೆ, ಎರಡನೆಯದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು. ಇಂದಿನ ಯಂತ್ರಗಳಲ್ಲಿ ಹಲವು ಗಣಿಸುವ ಅಂಗಗಳುಂಟಲ್ಲ, ಒಂದೊಂದಕ್ಕೆ ಒಂದೊಂದನ್ನು ಒಪ್ಪಿಸಬಾರದೇಕೆಂದು ನಾನು ಹುಡುಗನನ್ನು ಕೇಳಿದೆನು. "ಒಂದು ಮುಂದೋಡಿದರೆ ಇನ್ನೊಂದು ಕಳುಹಿಸಿದ ಅಕ್ಷರ ಹೊತ್ತಿಗೆ ಸಿಕ್ಕದು, ಮಾವ. ಒಂದನ್ನೊಂದು ಕಾಯುವುದರಲ್ಲಿಯೇ ಕಾಲ ಹೋಗುತ್ತದೆ" ಎಂದನು. ಒಪ್ಪತಕ್ಕ ಮಾತೆಂದು ತೋರಿತು.

ಮಗಳು ತಂದೆ ತೀರಿಕೊಂಡ ದಿನಾಂಕವನ್ನು ಒತ್ತಿದಳು. ಹುಡುಗನು ಕಡಿವಾಣ ಬಿಟ್ಟು ವೇಗವಾಗಿ ಓಡಿಸಲೇ ಎಂದರೆ, ಅಪ್ಪನ ಕಾಲದ ನಿಧಾನವೇ ಇರಲಿ ಎಂದಳು. ಕಾದೆವು. ಮಾರ್ಗಶಿರ, ಕೃಷ್ಣಪಕ್ಷ, ದ್ವಾದಶಿ: ಪುರೋಹಿತರು ಶ್ರಾದ್ಧಕ್ಕೆ ಗುರುತುಹಾಕಿಕೊಟ್ಟ ತಿಥಿಯೇ ಆ ಚುಕ್ಕೆಯಕ್ಷರಗಳಲ್ಲಿ ಮೂಡಿತು, ಣಕಾರದ ಒತ್ತು ಕೆಳಸಾಲಿನಲ್ಲಿ. ಅವಳು ಬಹಳ ಹೊತ್ತು ಮಾತನಾಡಲಿಲ್ಲ.

ಅನಂತರ 2023ರ ಅಧಿಕ ಶ್ರಾವಣವನ್ನೂ ಕೊಟ್ಟು ನೋಡಿದೆವು. ಮೇಷ್ಟ್ರು ಅದಕ್ಕೂ ಲೆಕ್ಕ ಬರೆದಿಟ್ಟಿದ್ದರು.